ನಡು ಸವೆದ ಟೈರ್

ನವೆಂಬರ್ ಬಂತೆಂದರೆ ನಮ್ಮ ದಾವಣಗೆರೆ ಸೀಮೆಯ ರಸ್ತೆಗಳೆಲ್ಲ ಮೆಕ್ಕೆಜೋಳದ ಕಣವಾಗುತ್ತವೆ. ಆನಗೋಡು ದಾಟಿದ ಮೇಲೆ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯ ಅರ್ಧಕ್ಕೆ ಹಳದಿ ಕಾಳು ಹರಡಿ, ಅಂಚಿಗೆ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ಹೆಂಗಸರು ಬರಿಗಾಲು ಎಳೆಯುತ್ತ ಕಾಳನ್ನು ತಿರುವಿ ಹಾಕುತ್ತಿರುತ್ತಾರೆ. ನಾನು ಭರಮಸಾಗರದ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರು. ದಾವಣಗೆರೆಯ ಮನೆಯಿಂದ ಹೋಗಿ ಬರಲು ದಿನಕ್ಕೆ 70 ಕಿಲೋಮೀಟರ್. ಆರು ವರ್ಷಗಳಿಂದ ಅದೇ ರಸ್ತೆ, ಅದೇ 150 ಸಿಸಿ ಬೈಕ್.

ಕಳೆದ ವರ್ಷ ಒಂದು ಸಂಜೆ ಮೇಕೆಯೊಂದು ಅಡ್ಡ ಬಂತು. ಬ್ರೇಕ್ ಒತ್ತುವಷ್ಟರಲ್ಲಿ ಹಿಂದಿನ ಚಕ್ರ ಕಾಳಿನ ಮೇಲೆ ಹೋಗಿತ್ತು. ಗಾಡಿ ಮೆಲ್ಲನೆ, ಯಾರೋ ಮಗ್ಗುಲಿಗೆ ಮಲಗಿಸಿದ ಹಾಗೆ, ಬಿತ್ತು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಕಾಳು ಕಾಯುತ್ತಿದ್ದ ಅಜ್ಜ ಓಡಿ ಬಂದು ಗಾಡಿ ಎತ್ತಿದರು, ನೀರು ಕೊಟ್ಟರು. ಆಮೇಲೆ ಹಿಂದಿನ ಟೈರಿನ ಮೇಲೆ ಹೆಬ್ಬೆರಳು ಆಡಿಸಿ, "ಮೇಷ್ಟ್ರೇ, ನಮ್ಮ ಜೋಳದ್ದು ತಪ್ಪು ಇರಬಹುದು. ಆದರೆ ಇದರಲ್ಲಿ ಏನು ಉಳಿದಿದೆ, ನೀವೇ ನೋಡಿ" ಎಂದರು.

ಕಾಳಿನ ಮೇಲೆ ಹೊಸ ಟೈರೂ ನಿಲ್ಲುವುದಿಲ್ಲ. ಆ ಬೀಳುವಿಕೆಯನ್ನು ಟೈರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ಎರಡೂ ಅಂಚಿನ ಬಟನ್‌ಗಳು, ಅಂದರೆ ಗೀರುಗಳ ನಡುವಿನ ರಬ್ಬರ್ ತುಂಡುಗಳು, ಹೆಚ್ಚುಕಡಿಮೆ ಹೊಸದರಂತೆಯೇ ಇದ್ದವು. ನಡುಭಾಗ ಮಾತ್ರ ಮೂರು ಬೆರಳಿನ ಅಗಲಕ್ಕೆ ಮಣೆಯಂತೆ ಚಪ್ಪಟೆಯಾಗಿತ್ತು. ಟೈರಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಆ ಉಬ್ಬಿನ ಸಮಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿದಂತೆ. ನನ್ನದು ಸಮಕ್ಕೆ ಬಂದು ಎಷ್ಟು ದಿನವಾಗಿತ್ತೋ. ನಾನು ಯಾವಾಗಲೂ ನಿಂತು ಕೆಳಗೆ ನೋಡುತ್ತಿದ್ದೆ, ಕಣ್ಣಿಗೆ ಬೀಳುತ್ತಿದ್ದುದು ಅಂಚಿನ ಬಟನ್. ನೇರ ಹೆದ್ದಾರಿಯಲ್ಲಿ ಓಡುವ ಗಾಡಿ ನೆಲ ಮುಟ್ಟುವುದು ನಡುವಿನಿಂದ. ಮಳೆನೀರನ್ನು ಪಕ್ಕಕ್ಕೆ ತಳ್ಳುವ ಗೀರು ಬೇಕಾಗಿದ್ದ ಜಾಗದಲ್ಲೇ ಗೀರು ಇರಲಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಗಳನ್ನು ಹಿಂದೆ ಕೂರಿಸಿಕೊಂಡು ಅದೇ ಟೈರಿನಲ್ಲಿ ಓಡಾಡಿದ್ದೆ. ಅದನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಶನಿವಾರ ಮಧ್ಯಾಹ್ನ ಪಿ.ಬಿ. ರಸ್ತೆಯ ಒಂದು ಅಂಗಡಿಗೆ ಹೋದೆ. ಹುಡುಗ ಚುರುಕಾಗಿದ್ದ. "ಸರ್, ಇದನ್ನು ತೆಗೆದುಕೊಳ್ಳಿ, 500 ರೂಪಾಯಿ ಕಡಿಮೆ ಮಾಡಿಕೊಡುತ್ತೇನೆ" ಎಂದು ಬಾಗಿಲ ಮುಂದೆ ನೇತುಹಾಕಿದ್ದ ಟೈರ್ ಇಳಿಸಿದ. ಟೈರಿನ ಪಕ್ಕದ ಮೈಮೇಲೆ ಮೊಟ್ಟೆಯಾಕಾರದ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ: 1521. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂದರೆ 2021ರ 15ನೇ ವಾರ ತಯಾರಾದದ್ದು. ನೆರಳಿನಲ್ಲಿ, ತಂಪಿನಲ್ಲಿ ಇಟ್ಟ ಟೈರ್ ಕೆಲವು ವರ್ಷ ಚೆನ್ನಾಗಿಯೇ ಇರುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದು ನಮ್ಮೂರಿನ ಬಿಸಿಲಿಗೆ ಮುಖ ಮಾಡಿ ನೇತಾಡುತ್ತಿತ್ತು. ಗೀರಿನ ಬುಡವನ್ನು ಬೆರಳಿನಿಂದ ಅಗಲಿಸಿದಾಗ ಕೂದಲೆಳೆಯಂಥ ಬಿರುಕುಗಳು ಕಂಡವು. ಬೇಡ ಎಂದೆ. ಹಾಗಾದರೆ 120/80-17 ಹಾಕಿಸಿ, ಅಗಲವಾಗಿ ಚೆನ್ನಾಗಿ ಕಾಣುತ್ತದೆ ಎಂದ. ನನ್ನ ಗಾಡಿಯದು 100/90-17. ಅಗಲ 100 ಮಿಲಿಮೀಟರ್, ಎತ್ತರ ಅದರ ಶೇಕಡ 90, ರಿಮ್ 17 ಇಂಚು. ಕಿರಿದಾದ ರಿಮ್‌ಗೆ ಅಗಲದ ಟೈರ್ ತುರುಕಿದರೆ ಅದರ ಅಂಚು ಒಳಕ್ಕೆ ಸೆಳೆದುಕೊಂಡು ದುಂಡು ಕೆಡುತ್ತದೆ. ಚೆಂದಕ್ಕಾಗಿ ಕಂಪನಿ ಕೊಟ್ಟ ಅಳತೆಯನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯ ಅಂಗಡಿ ಗಲ್ಲಿಯೊಳಗಿನದು, ಕತ್ತಲೆ ಕೋಣೆ. ಅಲ್ಲಿದ್ದ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಅವರು ಟೈರ್ ತೋರಿಸುವ ಮೊದಲು ನನ್ನ ಹಳೆಯ ಟೈರ್ ನೋಡಿದರು. "ಹೈವೇ ಗಾಡಿ" ಎಂದರು, ನಾನು ಏನೂ ಹೇಳಿರಲಿಲ್ಲ. ಆಮೇಲೆ ಎರಡು ಟೈರ್ ಎದುರಿಗಿಟ್ಟರು. ಒಂದು ಗಟ್ಟಿ ರಬ್ಬರಿನದು, ದಪ್ಪ ದಪ್ಪ ಬಟನ್, ಹೊಲದ ದಾರಿಗೂ ಆಗುವಂಥದ್ದು, ಹೆಚ್ಚು ಬಾಳಿಕೆ. ಇನ್ನೊಂದು ಸ್ವಲ್ಪ ಮೆತ್ತಗಿನದು, ನಡುವಿನಿಂದ ಅಂಚಿನವರೆಗೆ ಓರೆಯಾಗಿ ಹರಿದ ಆಳವಾದ ಗೀರುಗಳು. ಉಗುರು ಒತ್ತಿ ನೋಡಿ ಎಂದರು. ಮೊದಲನೆಯದರಲ್ಲಿ ಗುರುತೇ ಬೀಳಲಿಲ್ಲ, ಎರಡನೆಯದರಲ್ಲಿ ಬಿದ್ದು ಮೆಲ್ಲಗೆ ಮಾಯವಾಯಿತು. "ಬಾಳಿಕೆ ಬೇಕೋ, ಹಿಡಿತ ಬೇಕೋ ಹೇಳಿ. ಎರಡೂ ಪೂರ್ತಿ ಸಿಗುವುದಿಲ್ಲ" ಎಂದರು. ದಿನಕ್ಕೆ 70 ಕಿಲೋಮೀಟರ್ ಓಡುವವನಿಗೆ ಬಾಳಿಕೆಯ ಆಸೆ ದೊಡ್ಡದು. ಆದರೆ ನನ್ನದು ಡಾಂಬರು ರಸ್ತೆ, ಮಣ್ಣಿನ ದಾರಿ ಇಲ್ಲ. ಮೆತ್ತಗಿನದನ್ನೇ ಆರಿಸಿದೆ. ತಯಾರಾಗಿ ನಾಲ್ಕು ತಿಂಗಳಾಗಿತ್ತು. ಐಎಸ್‌ಐ ಗುರುತು ಇತ್ತು. 55ಪಿ ಎಂದಿತ್ತು, ಅಂದರೆ 218 ಕಿಲೋ ಭಾರ, ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ. 2,600 ರೂಪಾಯಿ ಕೊಟ್ಟೆ; ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಹಾಕುವ ಕೆಲಸವನ್ನು ಅವರೇ ಮಾಡಿದರು. ಅಲಾಯ್ ರಿಮ್‌ಗೆ ಗೀಚು ಬೀಳದಂತೆ ಲಿವರ್ ಅಡಿಗೆ ಹಳೆಯ ಟ್ಯೂಬಿನ ತುಂಡು ಇಟ್ಟರು, ಅಂಚಿಗೆ ಸೋಪು ನೀರು ಸವರಿದರು. ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ಎಂದು ಎರಡು ಸಲ ನೋಡಿದರು. ಟೈರಿನ ಮೇಲೊಂದು ಹಳದಿ ಚುಕ್ಕೆ ಇತ್ತು, ಅತಿ ಹಗುರವಾದ ಭಾಗದ ಗುರುತು. ಅದನ್ನು ಗಾಳಿ ತುಂಬುವ ವಾಲ್ವ್ ಪಕ್ಕಕ್ಕೇ ತಂದು ಕೂರಿಸಿದರು. ವಾಲ್ವ್ ಕೂಡ ಹೊಸದು. ಗಾಳಿ ತುಂಬುತ್ತಿದ್ದಂತೆ ಅಂಚು ರಿಮ್‌ಗೆ ಕೂತ ಸದ್ದು ಟಪ್, ಟಪ್ ಎಂದು ಎರಡು ಸಲ ಬಂತು. ಒಬ್ಬರೇ ಆದರೆ 28, ಹಿಂದೆ ಯಾರಾದರೂ ಕೂತರೆ 32 ಗಾಳಿ, ಅದೂ ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಬೇಕು ಎಂದರು. ಹೊಸ ಟೈರಿನ ಮೈ ನುಣುಪು ಹೋಗುವವರೆಗೆ, ಒಂದು 150 ಕಿಲೋಮೀಟರ್, ಜೋರಾಗಿ ಬ್ರೇಕ್ ಹಾಕಬೇಡಿ, ಗಾಡಿ ಓರೆ ಮಾಡಬೇಡಿ ಎಂದೂ ಹೇಳಿದರು.

ಹಳೆಯ ಟೈರನ್ನು ಅಲ್ಲಿ ಬಿಡಲು ಮನಸ್ಸಾಗಲಿಲ್ಲ. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಹಳೆಯ ಟೈರ್ ಉರಿಸುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಆ ಕಪ್ಪು ಹೊಗೆಯ ವಾಸನೆ ಇನ್ನೂ ಮೂಗಿನಲ್ಲಿದೆ. ಸೋಮವಾರ ಅದನ್ನು ಗಾಡಿಗೆ ಕಟ್ಟಿಕೊಂಡು ಹೋಗಿ ಆ ಅಜ್ಜನಿಗೆ ಕೊಟ್ಟೆ. ಅವರು ಅದನ್ನು ಕಾಳಿನ ಅಂಚಿಗೆ, ಕಲ್ಲುಗಳಿಗಿಂತ ಹತ್ತು ಹೆಜ್ಜೆ ಮುಂದೆ, ಬರುವವರಿಗೆ ದೂರದಿಂದಲೇ ಕಾಣುವ ಹಾಗೆ ನಿಲ್ಲಿಸಿದರು.

ಹೊಸ ಟೈರಿನ ತುಂಬ ಸಣ್ಣ ರಬ್ಬರ್ ಕೂದಲುಗಳಿದ್ದವು. ಮಗಳು ಅವನ್ನು ಕೀಳಬೇಡಿ ಎಂದಳು. ತಿಂಗಳು ಕಳೆಯುವಷ್ಟರಲ್ಲಿ ನಡುವಿನವು ಒಂದೂ ಉಳಿದಿರಲಿಲ್ಲ. ಅಂಚಿನವು ಇವತ್ತಿಗೂ ಹಾಗೇ ನಿಂತಿವೆ. ಸೋಮವಾರ ಬೆಳಿಗ್ಗೆ ಗಾಳಿ ನೋಡಿಸುವಾಗ ನಾನು ಈಗ ಕುಳಿತು, ನಡುವನ್ನೇ ಮುಟ್ಟಿ ನೋಡುತ್ತೇನೆ.