ಮೊದಲು ಗ್ರಾಫಿಕ್ಸ್ ಕಾರ್ಡ್ ನೋಡು, ಆಮೇಲೆ ಓಎಸ್

ನಮ್ಮ ಕಲಬುರಗಿಯಲ್ಲಿ ಹೊಸ ಕಂಪ್ಯೂಟರ್ ತಗೊಳ್ಳುವವರು ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಬೇಕು ಅಂತ ಯೋಚನೆ ಮಾಡುವುದು ಕಡಿಮೆ. ವಿಂಡೋಸ್ ಬಂದೇ ಬರುತ್ತದೆ. ಅದರ ಜೊತೆ ಕ್ರ್ಯಾಕ್ ಮಾಡಿದ ಫೋಟೋಶಾಪ್, ಕ್ರ್ಯಾಕ್ ಮಾಡಿದ ಕೋರೆಲ್‌ಡ್ರಾ ಕೂಡ ಬಂದುಬಿಡುತ್ತವೆ. ಅಪ್‌ಡೇಟ್ ಬಂದರೆ ಒತ್ತಬೇಡಿ ಅಂತ ಒಂದು ಬುದ್ಧಿಮಾತು ಬೇರೆ. ಹೀಗಿರುವಾಗ ನನ್ನ ಅಕ್ಕನ ಮಗ ಫೋನ್ ಮಾಡಿ, "ಮಾಮಾ, ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕಲೀಬೇಕು. ಲ್ಯಾಪ್‌ಟಾಪ್ ತಗೊಳ್ಳೋನಿದ್ದೀನಿ. ಯಾವ ಫ್ರೀ ಓಎಸ್ ಹಾಕ್ಲಿ?" ಅಂತ ಕೇಳಿದ. ನನಗೆ ತುಂಬಾ ಖುಷಿಯಾಯಿತು. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಪಾಸಾಗುವುದಕ್ಕೆ ಸುಮ್ನೆ ಕೇಳುತ್ತಿಲ್ಲ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು.

ಭಾನುವಾರ ಬಾ, ಕೂತು ಮಾತಾಡೋಣ ಅಂದೆ.

ಮೇ ತಿಂಗಳು. ಆ ದಿನಗಳಲ್ಲಿ ಕಲಬುರಗಿಯ ಮಧ್ಯಾಹ್ನ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಸರ್ಕಾರಿ ಆಫೀಸುಗಳೇ ಬೆಳಿಗ್ಗೆ ಬೇಗ ತೆಗೆದು ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತವೆ. ಜಗತ್ ಸರ್ಕಲ್ ಹತ್ತಿರ ನನ್ನ ಗೆಳೆಯನ ಸ್ಟುಡಿಯೋ ಇದೆ. ಲಗ್ನದ ವಿಡಿಯೋ, ಆಲ್ಬಮ್, ಫ್ಲೆಕ್ಸ್ ಡಿಸೈನ್ ಎಲ್ಲ ಅಲ್ಲೇ. ನಾನು ಅಲ್ಲಿ ಎಡಿಟಿಂಗ್ ಮತ್ತು ಆಡಿಯೋ ಕೆಲಸ ಮಾಡುತ್ತೇನೆ. ಎಡಿಟಿಂಗ್ ರೂಮಿಗೆ ಎಸಿ ಇದೆ, ಹಾಗಾಗಿ ಸಭೆ ಅಲ್ಲೇ ಸೇರಿತು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದ ನಮ್ಮ ಸರ್ ಕೂಡ ಬಂದರು. ಅವರ ಜೇಬಿನಲ್ಲಿ ಯಾವಾಗಲೂ ಒಂದೆರಡು ಪೆನ್‌ಡ್ರೈವ್ ಇರುತ್ತವೆ. ಒಂದೊಂದರಲ್ಲಿ ಒಂದೊಂದು ಓಎಸ್.

ಮಾತು ಶುರು ಮಾಡಿದ್ದು ಅವರೇ. "ಲಿನಕ್ಸ್ ಎಲ್ಲಾರಿಗೂ ಗೊತ್ತದ. ನೀ ಹೈಕು ನೋಡೀಯೇನು?" ಅಂತ ಹುಡುಗನನ್ನು ಕೇಳಿದರು. ಅವನು ಹೆಸರೇ ಕೇಳಿರಲಿಲ್ಲ. ಸರ್‌ಗೆ ಅಷ್ಟೇ ಬೇಕಿತ್ತು.

ಹೈಕುವಿನ ಬೇರು ಬಿಓಎಸ್‌ನಲ್ಲಿದೆ. ಬಿ ಅನ್ನುವ ಕಂಪನಿ 1990ರ ದಶಕದಲ್ಲಿ ಮಲ್ಟಿಮೀಡಿಯಾ ಕೆಲಸವನ್ನೇ ಕಣ್ಣ ಮುಂದೆ ಇಟ್ಟುಕೊಂಡು ಆ ಓಎಸ್ ಕಟ್ಟಿತು. ಒಂದೊಂದು ವಿಂಡೋಗೂ ಬೇರೆ ಥ್ರೆಡ್ ಅಂದರೆ ತನ್ನಷ್ಟಕ್ಕೆ ನಡೆಯುವ ಕೆಲಸದ ಎಳೆ, ಒಂದಕ್ಕಿಂತ ಜಾಸ್ತಿ ಪ್ರೊಸೆಸರ್‌ಗೆ ಕೆಲಸ ಹಂಚುವ ವ್ಯವಸ್ಥೆ, 64 ಬಿಟ್ ಫೈಲ್ ಸಿಸ್ಟಮ್. ಆ ಕಾಲಕ್ಕೆ ಇದು ದೊಡ್ಡ ಮಾತು. 2001ರಲ್ಲಿ ಕಂಪನಿ ಪಾಮ್ ಅನ್ನುವ ಇನ್ನೊಂದು ಕಂಪನಿಯ ಪಾಲಾಯಿತು, ಬಿಓಎಸ್ ಅಲ್ಲಿಗೆ ನಿಂತಿತು. ಅದನ್ನು ಬಿಡಲು ಮನಸ್ಸಾಗದ ಜನ ಅದೇ ವರ್ಷ ಮೊದಲಿನಿಂದ ಬರೆಯಲು ಕೂತರು. ಅದೇ ಇವತ್ತಿನ ಹೈಕು. 2024ರ ಸೆಪ್ಟೆಂಬರ್‌ನಲ್ಲಿ ಅದರ ಐದನೇ ಬೀಟಾ, ಅಂದರೆ ಪರೀಕ್ಷೆಯ ಆವೃತ್ತಿ, ಬಂತು. ಇಷ್ಟು ವರ್ಷ ಹಿಡಿದ ಕೆಲಸ ಬಿಡದೆ ಮಾಡುತ್ತಿದ್ದಾರಲ್ಲ, ಅವರ ಮೇಲೆ ನನಗೆ ಬಹಳ ಗೌರವ.

ಸರ್ ಸ್ಟುಡಿಯೋದ ಒಂದು ಹಳೇ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದರು. ನಾವು ಚಹಾ ಕಪ್ಪು ಕೈಗೆ ತಗೊಳ್ಳುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದುಬಿಟ್ಟಿತ್ತು. ಹೈಕು ಜೊತೆಗೆ ಜಿಎಲ್‌ಟೀಪಾಟ್ ಅನ್ನುವ ಡೆಮೊ ಬರುತ್ತದೆ. ಅದರಲ್ಲಿ ಒಂದು ಚಹಾ ಕೆಟಲ್ ತಿರುಗುತ್ತಾ ಇರುತ್ತದೆ. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ ಮಾಡಿದ ಮಾಡೆಲ್ ಅದು, ಗ್ರಾಫಿಕ್ಸ್ ಓದಿದವರೆಲ್ಲ ನೋಡಿರುತ್ತಾರೆ. "ಇದು ನಮ್ಮ ಲ್ಯಾಬ್‌ದಾಗೂ ಅದ ಮಾಮಾ!" ಅಂದ ಹುಡುಗ.

ಆದರೆ ವಿಂಡೋ ದೊಡ್ಡದು ಮಾಡಿದ ಕೂಡಲೇ ಕೆಟಲ್ ತಡವರಿಸಿತು. ಸಿಪಿಯು, ಅಂದರೆ ಮುಖ್ಯ ಪ್ರೊಸೆಸರ್, ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಮೇಲಿನ ಪಟ್ಟಿಗಳು ಪೂರ್ತಿ ತುಂಬಿಕೊಂಡವು. ಯಾಕೆಂದರೆ ಅಲ್ಲಿ ಚಿತ್ರ ಬರೆಯುತ್ತಿದ್ದದ್ದು ಗ್ರಾಫಿಕ್ಸ್ ಚಿಪ್ ಅಲ್ಲ, ಸಿಪಿಯು. ಹೈಕುವಿನ ಕೊರತೆ ಇರುವುದೇ ಇಲ್ಲಿ. ಓಎಸ್ ಎಷ್ಟೇ ಚುರುಕಾಗಿದ್ದರೂ 3ಡಿ ಕೆಲಸವನ್ನು ಚಿಪ್ಪಿಗೆ ದಾಟಿಸುವ ಡ್ರೈವರ್ ಬೇಕಲ್ವಾ? ಅದನ್ನು ಬರೆಯುವುದಕ್ಕೆ ಓಎಸ್ ಬರೆದಷ್ಟೇ ಕಷ್ಟ ಇದೆ.

ಸರ್ ಸೋಲಲಿಲ್ಲ. ಎರಡನೇ ಪೆನ್‌ಡ್ರೈವ್ ಕಡೆ ಕೈ ಹಾಕಿ, ಇನ್ನೊಂದು ಫ್ರೀ ಓಎಸ್ ಆದ ಫ್ರೀಬಿಎಸ್‌ಡಿ ಬಗ್ಗೆ ಶುರು ಮಾಡಿದರು. ಪ್ಲೇಸ್ಟೇಷನ್ 4ರ ಓಎಸ್ ಕಟ್ಟಿದ್ದು ಫ್ರೀಬಿಎಸ್‌ಡಿ ಮೇಲೆ, ಅದು ನಿಜ. ಆದರೆ ಸೋನಿ ಅದಕ್ಕೆ ತನ್ನದೇ ಗ್ರಾಫಿಕ್ಸ್ ಪದರ ಬರೆದುಕೊಂಡಿತು. ನಾವು ನೀವು ಫ್ರೀಬಿಎಸ್‌ಡಿ ಹಾಕಿದರೆ ಸಿಗುವ ಎಎಂಡಿ, ಇಂಟೆಲ್ ಡ್ರೈವರ್‌ಗಳು ಲಿನಕ್ಸ್‌ನ ಕರ್ನಲ್, ಅಂದರೆ ಅದರ ತಿರುಳು ಭಾಗದಿಂದ ತಂದು ಹೊಂದಿಸಿದವು. ಹೊಸ ಚಿಪ್ಪಿನ ಬೆಂಬಲ ಲಿನಕ್ಸ್‌ಗೆ ಬಂದು, ಆಮೇಲೆ ಅಲ್ಲಿಗೆ ಹೋಗಬೇಕು. ಹೊಸ ಲ್ಯಾಪ್‌ಟಾಪ್ ತಗೊಳ್ಳುವ ಹುಡುಗನಿಗೆ ಅಷ್ಟು ಕಾಯಿ ಅನ್ನುವುದು ಸರಿಯಲ್ಲ. ಇದನ್ನು ನಾನು ಸರ್‌ಗೆ ಹೇಳಿಯೇ ಬಿಟ್ಟೆ. ಅವರು ಒಪ್ಪಲಿಲ್ಲ. "ಎಲ್ಲಾರೂ ಹಂಗ ಅಂದ್ರ ಅದು ಯಾವಾಗ ಬೆಳಿಬೇಕು?" ಅಂದರು. ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಅಕ್ಕನ ಮಗ ಗೆಳೆಯನೊಬ್ಬನ ಲ್ಯಾಪ್‌ಟಾಪ್ ತಂದಿದ್ದ, ಎಎಂಡಿ ಚಿಪ್ಪಿನದು. ಅದರಲ್ಲಿ ಫೆಡೋರಾ ಅನ್ನುವ ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆ ಲೈವ್ ಓಡಿಸಿ ಅವನ ಲ್ಯಾಬ್ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿದೆವು. ಬ್ರೆಸೆನ್‌ಹ್ಯಾಮ್ ಗೆರೆ, ತಿರುಗುವ ಬಣ್ಣದ ಕ್ಯೂಬ್, ಸಿಯರ್‌ಪಿನ್‌ಸ್ಕಿ ಗ್ಯಾಸ್ಕೆಟ್. ಜಿಸಿಸಿ ಅನ್ನುವ ಕಂಪೈಲರ್, ವಿಂಡೋ ತೆರೆದುಕೊಡುವ ಫ್ರೀಗ್ಲಟ್ ಲೈಬ್ರರಿ ಇಷ್ಟಿದ್ದರೆ ಸಾಕು, ಒಂದೇ ಸಾಲಿನ ಕಮಾಂಡ್. ವಿಂಡೋಸ್‌ನಲ್ಲಿ ಡಿಎಲ್‌ಎಲ್ ಫೈಲನ್ನು ಎಲ್ಲಿಂದಲೋ ತಂದು ಎಲ್ಲಿಗೋ ಹಾಕುತ್ತಾ ಅವನ ಕ್ಲಾಸಿನವರು ಎಷ್ಟೋ ಲ್ಯಾಬ್ ಅವಧಿ ಕಳೆದಿದ್ದಾರಂತೆ.

ಆಗ ನನ್ನ ಗೆಳೆಯ ಗ್ಲೆಕ್ಸ್‌ಗಿಯರ್ಸ್ ಓಡಿಸಿ ನೋಡಿ ಅಂದ. ಮೂರು ಹಲ್ಲುಚಕ್ರ ತಿರುಗುವ ಪುಟ್ಟ ಪ್ರೋಗ್ರಾಂ. ಸೆಕೆಂಡಿಗೆ 60 ಫ್ರೇಮ್ ಅಂತ ಬಂತು. "ಬರೇ ಅರವತ್ತಾ? ಇಷ್ಟಕ್ಕ ಇಷ್ಟು ವಾದ ಏನ್ರೋ?" ಅಂತ ನಕ್ಕ. ಬಹಳ ಜನ ಇಲ್ಲೇ ತಪ್ಪು ತಿಳಿಯುತ್ತಾರೆ. ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಡ್ರೈವರ್ ಅದಕ್ಕೆ ತಾಳ ಹಾಕುತ್ತಾ ಕಾಯುತ್ತದೆ. ಆ ಕಾಯುವುದನ್ನು ತೆಗೆದು ಓಡಿಸಿದಾಗ ಲೆಕ್ಕ ಸಾವಿರಗಳಿಗೆ ಹೋಯಿತು. ನನ್ನ ಕೇಳಿದರೆ ಅದೂ ವೇಗದ ಅಳತೆ ಅಲ್ಲ. ಡ್ರೈವರ್ ಬದುಕಿದೆಯೋ ಇಲ್ಲವೋ ಅಂತ ನೋಡಲು ಮಾತ್ರ ಸರಿ.

ನಾನು ಹುಡುಗನಿಗೆ ತೋರಿಸಬೇಕು ಅಂದುಕೊಂಡದ್ದು ಬೇರೆ ಇತ್ತು.

ಲಿನಕ್ಸ್‌ನಲ್ಲಿ ಓಪನ್‌ಜಿಎಲ್ (3ಡಿ ಚಿತ್ರ ಬರೆಸುವ ಕಮಾಂಡುಗಳ ಮಾನದಂಡ) ಕೆಲಸವನ್ನು ಬಹುತೇಕ ನಡೆಸುವುದು ಮೆಸಾ ಅನ್ನುವ ಲೈಬ್ರರಿ. ಬ್ರಯಾನ್ ಪಾಲ್ ಅನ್ನುವವರು 1993ರಲ್ಲಿ ಒಬ್ಬರೇ ಶುರು ಮಾಡಿದ್ದು. ಆ ಮೆಸಾಕ್ಕೆ ಒಂದು ಎನ್ವಿರಾನ್‌ಮೆಂಟ್ ವೇರಿಯೇಬಲ್ (ಪ್ರೋಗ್ರಾಂ ಹೊರಗಿನಿಂದ ಕೊಡುವ ಸೂಚನೆ) ಕೊಟ್ಟರೆ ಗ್ರಾಫಿಕ್ಸ್ ಚಿಪ್ಪನ್ನು ಮುಟ್ಟದೆ ಎಲ್ಲವನ್ನೂ ಸಿಪಿಯುನಲ್ಲೇ ಬರೆಯುತ್ತದೆ. ಆ ವಿಧಾನದ ಹೆಸರು ಎಲ್‌ಎಲ್‌ವಿಎಂಪೈಪ್. ಅದೇ ಬಣ್ಣದ ಕ್ಯೂಬ್ ಹಾಗೊಮ್ಮೆ, ಹೀಗೊಮ್ಮೆ ಓಡಿಸಿದೆವು. ಚಿಪ್ಪಿನಲ್ಲಿ ಓಡಿದಾಗ ಲ್ಯಾಪ್‌ಟಾಪ್ ಸದ್ದೇ ಇಲ್ಲ. ಸಿಪಿಯುಗೆ ಬಿಟ್ಟಾಗ ಸ್ವಲ್ಪ ಹೊತ್ತಿಗೆ ಫ್ಯಾನ್ ಹೊಯ್ಯೋ ಅಂತ ಶುರುವಾಯಿತು. ಕೋಡಿನಲ್ಲಿ ಒಂದಕ್ಷರ ಬದಲಾಗಿಲ್ಲ.

"ಹಂಗಾರ ನಾ ಬರೆದ ವರ್ಟೆಕ್ಸ್ ಎಲ್ಲಿಗೆ ಹೋಗ್ತದ ಮಾಮಾ?" ಅಂತ ಕೇಳಿದ.

ವರ್ಟೆಕ್ಸ್ ಅಂದರೆ ಆಕೃತಿಯ ಮೂಲೆಯ ಬಿಂದು. ಈ ಪ್ರಶ್ನೆ ಬರಲಿ ಅಂತಲೇ ನಾನು ಕಾಯುತ್ತಿದ್ದೆ. ಎಪಿಐಟ್ರೇಸ್ ಹಾಕಿ ಗ್ಯಾಸ್ಕೆಟ್ ಪ್ರೋಗ್ರಾಂ ಓಡಿಸಿದೆ. ಪ್ರೋಗ್ರಾಂ ಗ್ರಾಫಿಕ್ಸ್ ಲೈಬ್ರರಿಗೆ ಹೇಳುವ ಒಂದೊಂದು ಮಾತನ್ನೂ ಅದು ಬರೆದಿಡುತ್ತದೆ. ತೆಗೆದು ನೋಡಿದರೆ ಪರದೆ ತುಂಬಾ ಜಿಎಲ್‌ವರ್ಟೆಕ್ಸ್, ಜಿಎಲ್‌ವರ್ಟೆಕ್ಸ್, ಜಿಎಲ್‌ವರ್ಟೆಕ್ಸ್. ಒಂದು ತ್ರಿಕೋನಕ್ಕೆ ಮೂರು ಸಾಲು. ಅವನು ಕೆಳಗೆ ಎಳೆಯುತ್ತಾ ಹೋದ, ಮುಗಿಯಲೇ ಇಲ್ಲ. ಒಂದೊಂದು ಬಿಂದುವಿಗೂ ಒಂದೊಂದು ಸಲ ಲೈಬ್ರರಿಯ ಬಾಗಿಲು ತಟ್ಟುವ ಈ ಪದ್ಧತಿಯನ್ನು ಓಪನ್‌ಜಿಎಲ್ 2008ರ 3.0ರಲ್ಲೇ ಬೇಡ ಅಂದಿತು, ಮುಂದಿನ ವರ್ಷ 3.1ರಲ್ಲಿ ಮುಖ್ಯ ಭಾಗದಿಂದ ತೆಗೆದೇ ಹಾಕಿತು. ಈಗ ಬಿಂದುಗಳನ್ನೆಲ್ಲ ಒಟ್ಟಿಗೆ ಬಫರ್ ಅನ್ನುವ ಮೆಮೊರಿ ಜಾಗದಲ್ಲಿ ತುಂಬಿ ಚಿಪ್ಪಿಗೆ ಕಳಿಸಬೇಕು. ಯಾಕೆ ಅಂತ ಪುಸ್ತಕ ಓದಿ ತಿಳಿಯಬಹುದು. ಆ ಉದ್ದ ಪಟ್ಟಿ ನೋಡಿದವನಿಗೆ ಪುಸ್ತಕ ಬೇಕಾಗುವುದಿಲ್ಲ.

ಆಮೇಲೆ ಅವನಿಗೆ ರಾಡ್‌ವಿ ಕಥೆ ಹೇಳಿದೆ. 2016ರಲ್ಲಿ ಓಪನ್‌ಜಿಎಲ್‌ನ ಮುಂದಿನ ತಲೆಮಾರಾದ ವಲ್ಕನ್ ಬಂದಾಗ ಎಎಂಡಿ ತನ್ನ ಡ್ರೈವರ್ ಕೋಡ್ ಆಮೇಲೆ ಬಿಡುತ್ತೇನೆ ಅಂದಿತ್ತು. ಅಲ್ಲಿಯವರೆಗೆ ಕಾಯದೆ ಡೇವ್ ಏರ್ಲಿ, ಬಾಸ್ ನ್ಯೂವೆನ್‌ಹೌಜೆನ್ ಅನ್ನುವ ಹೊರಗಿನ ಇಬ್ಬರು ಮೆಸಾದಲ್ಲೇ ಎಎಂಡಿ ಚಿಪ್ಪಿಗೆ ವಲ್ಕನ್ ಡ್ರೈವರ್ ಬರೆಯಲು ಶುರು ಮಾಡಿದರು. ಅದೇ ರಾಡ್‌ವಿ. ಜನ ಅದನ್ನೇ ಹಿಡಿದುಕೊಂಡರು. 2025ರಲ್ಲಿ ಎಎಂಡಿ ತನ್ನ ಸ್ವಂತ ಓಪನ್ ಸೋರ್ಸ್ ಡ್ರೈವರನ್ನು ನಿಲ್ಲಿಸಿ, ರಾಡ್‌ವಿಗೇ ಬೆಂಬಲ ಕೊಡುತ್ತೇವೆ ಅಂತ ಹೇಳಿತು. ಕೋಡ್ ಮತ್ತು ಚಿಪ್ಪಿನ ವಿವರ ಹೊರಗೆ ಇದ್ದದ್ದಕ್ಕೆ ಇದು ಸಾಧ್ಯವಾಯಿತು. ಕಲಬುರಗಿಯಲ್ಲಿ ಕೂತ ಹುಡುಗನಿಗೂ ಅದೇ ಕೋಡ್, ಅದೇ ದಿನ ಸಿಗುತ್ತದೆ. ಗ್ರಾಫಿಕ್ಸ್ ಕಲಿಯುವವನಿಗೆ ನಾನು ಲಿನಕ್ಸ್ ಹಾಕು ಅನ್ನುವುದು ದುಡ್ಡು ಉಳಿಯುತ್ತದೆ ಅಂತಲ್ಲ, ಇದಕ್ಕೆ.

ಇಷ್ಟೊತ್ತು ಸುಮ್ಮನಿದ್ದ ಗೆಳೆಯ ಈಗ ತನ್ನ ಕಷ್ಟ ತೆಗೆದ. "ಕಲಿಯೋದು ಸರಿ. ನನ್ನ ಗಿರಾಕಿ ತರೋ ಫೈಲಿಗೆ ಏನ್ ಮಾಡ್ಲಿ?" ಅಂದ. ಇದು ಗಟ್ಟಿ ಮಾತು. ನಮ್ಮ ಊರಿನ ಲಗ್ನಪತ್ರಿಕೆ, ಜಾತ್ರೆ ಫ್ಲೆಕ್ಸ್, ಸಂಘದ ರಸೀದಿ ಪುಸ್ತಕ ಎಲ್ಲವೂ ಕೋರೆಲ್‌ಡ್ರಾ ಫೈಲು, ಒಳಗೆ ನುಡಿ ಅಥವಾ ಇನ್ನೊಂದು ಹಳೇ ಫಾಂಟ್. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತ ಅಲ್ಲ. ಒಂದು ಪತ್ರಿಕೆಯನ್ನು ಇಂಕ್‌ಸ್ಕೇಪ್ ಅನ್ನುವ ಫ್ರೀ ಡ್ರಾಯಿಂಗ್ ತಂತ್ರಾಂಶದಲ್ಲಿ ತೆಗೆದು ತೋರಿಸಿದೆ. ಗಣಪತಿ ಚಿತ್ರ, ಬಳ್ಳಿ ಅಂಚು ಬಂದವು. ವಧುವರರ ಹೆಸರಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅದೇ ಹೆಸರನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ನೋಟೊ ಫಾಂಟ್ ಕೊಟ್ಟರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ಇಂಕ್‌ಸ್ಕೇಪ್, ಫೋಟೋ ತಿದ್ದುವ ಗಿಂಪ್, ವಿಡಿಯೋ ಎಡಿಟ್ ಮಾಡುವ ಕೆಡೆನ್‌ಲೈವ್ ಯಾವುದರಲ್ಲೂ ಕನ್ನಡಕ್ಕೆ ತೊಂದರೆ ಇಲ್ಲ. ಹಳೇ ಫೈಲುಗಳ ರಾಶಿ ಮತ್ತು ಪ್ರೆಸ್ಸಿನವರ ರೂಢಿ, ತೊಂದರೆ ಇರುವುದು ಇವೆರಡರಲ್ಲಿ. ಅದು ಒಬ್ಬ ಸ್ಟುಡಿಯೋದವನಿಂದ ಬಗೆಹರಿಯುವುದಲ್ಲ. ಹಾಗಾಗಿ ಅವನ ಡಿಟಿಪಿ ಕಂಪ್ಯೂಟರಿನಲ್ಲಿ ವಿಂಡೋಸ್ ಇರಲಿ, ಆದರೆ ದುಡ್ಡು ಕೊಟ್ಟು ತಗೊಂಡ ವಿಂಡೋಸ್ ಇರಲಿ ಅಂತ ನನ್ನ ಒತ್ತಾಯ.

ವಿಡಿಯೋ ವಿಷಯದಲ್ಲಿ ಇನ್ನೊಂದು ತೊಡಕಿದೆ. ಫೋನು, ಕ್ಯಾಮೆರಾಗಳ ವಿಡಿಯೋ ಜಾಸ್ತಿ ಎಚ್.264, ಎಚ್.265 ಅನ್ನುವ ಕುಗ್ಗಿಸುವ ವಿಧಾನಗಳಲ್ಲಿ ಬರುತ್ತದೆ. ಇವಕ್ಕೆ ಪೇಟೆಂಟ್ ಇರುವುದರಿಂದ ಫೆಡೋರಾದವರು ಅವನ್ನು ಬಿಚ್ಚುವ ಪೂರ್ತಿ ಕೋಡೆಕ್ ಜೊತೆಗೆ ಕೊಡುವುದಿಲ್ಲ, ಆರ್‌ಪಿಎಂ ಫ್ಯೂಷನ್ ಅನ್ನುವ ಹೊರಗಿನ ಸಂಗ್ರಹದಿಂದ ಹಾಕಿಕೊಳ್ಳಬೇಕು. ಅದೊಂದು ಮಾಡಿದರೆ ಕೆಡೆನ್‌ಲೈವ್ ಎಲ್ಲ ತೆಗೆಯುತ್ತದೆ. 3ಡಿ ಅನಿಮೇಷನ್ ಮಾಡುವ ಬ್ಲೆಂಡರ್ ಬಗ್ಗೆ ಯಾರೂ ವಾದ ಮಾಡಲಿಲ್ಲ. ಅದರಲ್ಲಿ ಮಾಡಿದ ಲಾಟ್ವಿಯಾದ ಅನಿಮೇಷನ್ ಸಿನಿಮಾಕ್ಕೆ 2025ರಲ್ಲಿ ಆಸ್ಕರ್ ಬಂದ ಮೇಲೆ ಆ ವಾದ ಮುಗಿದಿದೆ.

ಆಡಿಯೋದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವವನಲ್ಲ. ನಮ್ಮ ಕಡೆಯ ತತ್ವಪದದವರನ್ನು ರೆಕಾರ್ಡ್ ಮಾಡುವಾಗ ಹೆಡ್‌ಫೋನ್‌ನಲ್ಲಿ ಅವರ ದನಿ ಅವರಿಗೇ ಕೇಳಿಸಬೇಕು. ಒಬ್ಬ ಹಿರಿಯರು ಏಕತಾರಿ ಹಿಡಿದು ಒಂದು ಸಾಲು ಹಾಡಿ ನಿಲ್ಲಿಸಿದರು. "ನನ್ನ ದನಿ ನನ್ನ ಹಿಂದಿಂದ ಬರ್ಲಕತ್ತದಲ್ಲೋ ತಮ್ಮಾ" ಅಂದರು. ಬಫರ್, ಅಂದರೆ ದನಿಯನ್ನು ತುಸು ಹೊತ್ತು ಕೂಡಿಡುವ ಜಾಗ, 1024 ಸ್ಯಾಂಪಲ್ ಇತ್ತು. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಅದು 21 ಮಿಲಿಸೆಕೆಂಡ್, ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ. 128ಕ್ಕೆ ಇಳಿಸಿದೆ, ಮೂರು ಮಿಲಿಸೆಕೆಂಡ್‌ಗಿಂತ ಕಡಿಮೆ ಆಯಿತು. ಆಮೇಲೆ ಅವರು ಕಣ್ಣು ಮುಚ್ಚಿ ಪದ ಪೂರ್ತಿ ಹಾಡಿದರು. ಉಬುಂಟು ಸ್ಟುಡಿಯೋ ಅನ್ನುವ ಲಿನಕ್ಸ್, ಅದರ ಮೇಲೆ ರೆಕಾರ್ಡ್ ಮಾಡುವ ಆರ್ಡರ್, ಈಗ ಸದ್ದನ್ನು ಹರಿಸುವ ಪೈಪ್‌ವೈರ್. ಒಂದು ಪಟ್ ಸದ್ದು ಇಲ್ಲದೆ ಅಷ್ಟು ಸಣ್ಣ ಬಫರ್ ನಡೆಸಿಕೊಟ್ಟಿತು. ತಕ್ಷಣ ಓಗೊಡಬೇಕಾದ ಕೆಲಸಕ್ಕೆ ಬೇಕಾದ ಪ್ರಿಯೆಂಪ್ಟ್ ಆರ್‌ಟಿ ಅನ್ನುವ ವ್ಯವಸ್ಥೆ ಕೂಡ 2024ರಲ್ಲಿ, 6.12ನೇ ಆವೃತ್ತಿಯಿಂದ, ಲಿನಕ್ಸ್ ಕರ್ನಲ್‌ನ ಒಳಗೇ ಬಂದಿದೆ.

ಸಂಜೆಗೆ ಮಿರ್ಚಿ ಭಜಿ ತರಿಸಿದೆವು. ಹುಡುಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅಂಗಡಿಗೆ ಹೋದಾಗ ಮೊದಲು ಗ್ರಾಫಿಕ್ಸ್ ಚಿಪ್ ಯಾವುದು ಅಂತ ಕೇಳಬೇಕು. ಎಎಂಡಿ ಅಥವಾ ಇಂಟೆಲ್ ಇದ್ದರೆ ಮೆಸಾದಲ್ಲಿ ಎಲ್ಲ ತೆರೆದೇ ಇರುತ್ತದೆ. ಎನ್‌ವಿಡಿಯಾ ಬೇಕಾದರೆ ಟ್ಯೂರಿಂಗ್ ಪೀಳಿಗೆಯದು ಅಥವಾ ಅದರ ಮುಂದಿನದು, 2022ರಲ್ಲಿ ಅವರು ತೆರೆದ ಕರ್ನಲ್ ಮಾಡ್ಯೂಲ್ ಓಡುವುದು ಅವುಗಳಲ್ಲೇ. ಎನ್‌ವಿಡಿಯಾ ಚಿಪ್ಪಿನಲ್ಲಿ ಲೆಕ್ಕ ಮಾಡಿಸುವ ಕೂಡಾ (CUDA) ಕಲಿಯುವ ಆಸೆ ಇದ್ದರೆ ಅದೇ ದಾರಿ. ಓಎಸ್ ಫೆಡೋರಾ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುವುದರಿಂದ ಮೆಸಾ ಹಳೆಯದಾಗುವುದಿಲ್ಲ, ವಲ್ಕನ್ ಕಲಿಯುವವನಿಗೆ ಅದು ಮುಖ್ಯ.

ಅವನು ಎಎಂಡಿಯದೇ ತಗೊಂಡ. ವಲ್ಕನ್‌ನಲ್ಲಿ ಮೊದಲ ತ್ರಿಕೋನ ಬರಿಸಲು ಸಾವಿರ ಸಾಲಿನ ಹತ್ತಿರ ಕೋಡ್ ಬರೆಯಬೇಕು. ಈಗ ಅದರ ನಡುವೆ ಎಲ್ಲೋ ಇದ್ದಾನೆ. ಕೋಡಿನ ತಪ್ಪು ಹಿಡಿಯುವ ವ್ಯಾಲಿಡೇಷನ್ ಲೇಯರ್ ತೋರಿಸುವ ತಪ್ಪುಗಳ ಸ್ಕ್ರೀನ್‌ಶಾಟ್ ರಾತ್ರಿ ಕಳಿಸುತ್ತಾನೆ, ಕೂತು ಬಿಡಿಸುತ್ತೇವೆ. ಸರ್ ಮಾತ್ರ ಅವನಿಗೆ ಹೈಕು ಪೆನ್‌ಡ್ರೈವ್ ಒಂದನ್ನು ಕೊಟ್ಟೇ ಕಳಿಸಿದ್ದಾರೆ. ಡ್ರೈವರ್ ಬರೆಯಲು ಬರುವ ಕಾಲಕ್ಕೆ ಇದನ್ನೂ ತೆಗೆದು ನೋಡು ಅಂತ ಹೇಳಿದ್ದಾರೆ.