ಹತ್ತು ಗಂಟೆಗೆ ತಾನಾಗೇ ರಿಪೇರಿ ಆಗುತ್ತಿದ್ದ ಎಸ್ಕಲೇಟರ್

ಎಸ್ಕಲೇಟರ್ ಮೇಂಟೆನೆನ್ಸಲ್ಲಿ ಇರುವವರಿಗೆ ಕೋಂಬ್ ಸ್ವಿಚ್ ಟ್ರಿಪ್ ಆಗೋದು ಹೊಸದೇನಲ್ಲ. ಮೆಟ್ಟಿಲು ಲ್ಯಾಂಡಿಂಗ್ ಕೆಳಗೆ ಹೋಗುವ ಕಡೆ ಬಾಚಣಿಗೆ ಹಾಗೆ ಹಲ್ಲಿರುವ ತಟ್ಟೆಯೇ ಕೋಂಬ್; ಅದಕ್ಕೆ ಏನಾದರೂ ಸಿಕ್ಕಿದರೆ ಈ ಸ್ವಿಚ್ ಎಸ್ಕಲೇಟರನ್ನು ನಿಲ್ಲಿಸುತ್ತೆ. ಕಲ್ಲೋ ಸ್ಕ್ರೂವೋ ಹಲ್ಲಿಗೆ ಸಿಕ್ಕಿರುತ್ತೆ, ತೆಗೆದು ರೀಸೆಟ್ ಮಾಡಿದರೆ ಮುಗೀತು. ಆದರೆ ಗುಡ್ಡದ ಈ ಉದ್ದನೆಯ ಯೂನಿಟ್ ನಮ್ಮನ್ನು ಚೆನ್ನಾಗಿ ಆಟ ಆಡಿಸಿತು.

ಇದನ್ನು ಓಡಿಸೋ ಪದ್ಧತಿ ಹಾಂಗ್‌ಕಾಂಗ್‌ನದು. ಅಲ್ಲಿನ ಸೆಂಟ್ರಲ್-ಮಿಡ್‌ಲೆವೆಲ್ಸ್ ಎಸ್ಕಲೇಟರ್ 1993ರಿಂದ ಇದೆ, ಸುಮಾರು 800 ಮೀಟರ್ ಉದ್ದ, 135 ಮೀಟರ್ ಏರು. ಬೆಳಗ್ಗೆ 6ರಿಂದ 10ರವರೆಗೆ ಕೆಳಕ್ಕೆ, ಆಮೇಲೆ ಮಧ್ಯರಾತ್ರಿವರೆಗೆ ಮೇಲಕ್ಕೆ. ನಮ್ಮ ಮ್ಯಾನೇಜರ್ ಇದನ್ನು ಹೇಳದ ಮೀಟಿಂಗ್ ಇಲ್ಲ. ಆದರೆ ಅಲ್ಲಿರೋದು ತುಂಡು ತುಂಡು ಎಸ್ಕಲೇಟರ್‌ಗಳ ಸಾಲು, ಒಂದು ನಿಂತರೆ ಅಷ್ಟು ದೂರ ಮಾತ್ರ ನಡೀಬೇಕು. ನಮ್ಮದು ಒಂದೇ ಉದ್ದ. ನಿಂತರೆ ಎಲ್ಲರೂ ನಡುದಾರಿಯಲ್ಲೇ.

ಬೆಳಗಿನ ರಶ್ಶಲ್ಲಿ, ಕೆಳಕ್ಕೆ ಓಡುವಾಗ, ಕೋಂಬ್ ಸ್ವಿಚ್ ಟ್ರಿಪ್ ಆಗಿ ನಿಲ್ಲುತ್ತಿತ್ತು. ಕೊನೆಯ ಮನುಷ್ಯ ಇಳಿಯುವವರೆಗೆ ಕೀ ತಿರುಗಿಸೋ ಹಾಗಿಲ್ಲ. ನಿಂತ ಎಸ್ಕಲೇಟರ್ ಇಳಿಯೋದೂ ಸುಲಭ ಅಲ್ಲ, ಮೆಟ್ಟಿಲು ಎತ್ತರ, ಲ್ಯಾಂಡಿಂಗ್ ಹತ್ತಿರ ಒಂದೊಂದು ಒಂದೊಂದು ಅಳತೆ, ಅಲ್ಲೇ ಜನ ಮುಗ್ಗರಿಸೋದು. ಒಬ್ಬ ಹಿರಿಯರು ಕೈಪಟ್ಟಿ ಬಿಡಲೇ ಇಲ್ಲ. "ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ, ನೀವು ಆನ್ ಮಾಡ್ರೀ" ಅಂತ ಹಠ. ವಾಕಿಟಾಕಿಯಲ್ಲಿ ಸೂಪರ್‌ವೈಸರ್ "ಇನ್ನೂ ಎಷ್ಟು ಹೊತ್ತು?" ಅಂತ ಕೇಳುತ್ತಲೇ ಇದ್ದರು, ಕೀ ನನ್ನ ಕೈಯಲ್ಲಿ ಬೆವರುತ್ತಿತ್ತು.

ಹತ್ತಾದ ಮೇಲೆ ದಿಕ್ಕು ಬದಲಾಯಿಸಿದರೆ ಏನೂ ಇಲ್ಲ, ಬೆಣ್ಣೆ ಹಾಗೆ ಓಡುತ್ತಿತ್ತು. ರಾತ್ರಿ ಖಾಲಿ ಓಡಿಸಿದರೂ ಅಷ್ಟೇ. ಸ್ವಿಚ್ಚೇ ವೀಕ್ ಅಂತ ನಾವೆಲ್ಲ ತೀರ್ಮಾನಿಸಿ ಹೊಸದು ಹಾಕಿದೆವು. 'ಸಮಸ್ಯೆ ಬಗೆಹರಿದಿದೆ' ಅಂತ ಮೇಲಿನವರು ರಿಪೋರ್ಟ್ ಕಳಿಸಿಯೂ ಆಯಿತು. ಮಾರನೇ ಬೆಳಗ್ಗೆ ಮತ್ತೆ ಅದೇ.

ಕೊನೆಗೆ ಕೆಳಗಿನ ಲ್ಯಾಂಡಿಂಗ್ ಗುಡಿಸುವ ಅಮ್ಮ ಹೇಳಿದರು: "ಸಾರ್, ನಿಲ್ಲೋ ಮುಂಚೆ ಎಡಗಡೆ ಟಿಕ್ ಅನ್ನತ್ತೆ. ಮಧ್ಯಾಹ್ನ ಅನ್ನಲ್ಲ." ಮೊಣಕಾಲೂರಿ ಟಾರ್ಚ್ ಬಿಟ್ಟು ನೋಡಿದೆ. ಎಡತುದಿಯ ಒಂದು ಹಲ್ಲು ಕೂದಲೆಳೆಯಷ್ಟು ಬಾಗಿತ್ತು, ತುದಿ ಉಜ್ಜಿ ಹೊಳೆಯುತ್ತಿತ್ತು. ಒಂದು ಮೆಟ್ಟಿಲಿನ ರೋಲರ್, ಅಂದ್ರೆ ಮೆಟ್ಟಿಲು ಉರುಳೋ ಚಿಕ್ಕ ಚಕ್ರ, ಅದೂ ಸವೆದಿತ್ತು. ಆ ಮೆಟ್ಟಿಲ ಅಂಚಲ್ಲಿ ಯಾರಾದರೂ ನಿಂತರೆ ಅದು ಪಕ್ಕಕ್ಕೆ ವಾಲಿ ಹಲ್ಲಿಗೆ ತಾಗುತ್ತಿತ್ತು. ಕೆಳಕ್ಕೆ ಓಡುವಾಗ ಮೆಟ್ಟಿಲು ಆ ಹಲ್ಲಿನೊಳಗೆ ನುಗ್ಗುತ್ತೆ, ಮೇಲಕ್ಕೆ ಓಡುವಾಗ ಅದರಿಂದ ಹೊರಗೆ ಬರುತ್ತೆ, ತಾಗಿದರೂ ಜಾರಿಕೊಂಡು ಹೋಗುತ್ತೆ. ಖಾಲಿ ಓಡಿಸಿದರೆ ಎಲ್ಲಿ ಗೊತ್ತಾಗಬೇಕು, ಅಲ್ವಾ?

ಹಲ್ಲು, ರೋಲರ್ ಎರಡೂ ಬದಲಾಯಿಸಿದೆವು. ಸ್ವಿಚ್ಚಿಗಿಂತ ಕಡಿಮೆ ಖರ್ಚು. ಫಾಲ್ಟ್ ಶೀಟಲ್ಲಿ ದಿಕ್ಕು ಬರೆಯೋಕೆ ಒಂದು ಕಾಲಂ ಹಾಕಿ ಅಂತ ಕೇಳಿದ್ದೇನೆ. ಫಾರ್ಮ್ಯಾಟ್ ಬದಲಾಯಿಸೋಕೆ ಅಪ್ರೂವಲ್ ಬೇಕಂತೆ. ಸದ್ಯಕ್ಕೆ ರಿಮಾರ್ಕ್ಸಲ್ಲಿ ಪೆನ್ನಲ್ಲಿ ಬಾಣ ಹಾಕುತ್ತಿದ್ದೇನೆ.