ಸಾಂದರ್ಭಿಕ ಚಿತ್ರ

2023ರ ಸೆಪ್ಟೆಂಬರ್ ತಿಂಗಳ ಒಂದು ಬೆಳಗ್ಗೆ, ಮೈಸೂರಿನ ಸರಸ್ವತಿಪುರಂನ ಮನೆಯಲ್ಲಿ ನಾನು ಕಾಲೇಜಿಗೆ ಹೊರಡುವ ಅವಸರದಲ್ಲಿದ್ದಾಗ, ಮಳವಳ್ಳಿಯಿಂದ ಸೋದರತ್ತೆ ಫೋನ್ ಮಾಡಿದರು. ಅದೂ ಇದೂ ಕೇಳಿ, ಸುಮ್ಮನಾಗಿ, ಕೊನೆಗೆ “ಅಣ್ಣಯ್ಯ ಚೆನ್ನಾಗವ್ರಾ ಕಣವ್ವ?” ಎಂದರು. ಹಿಂದಿನ ರಾತ್ರಿಯಷ್ಟೇ ಅಪ್ಪನೊಂದಿಗೆ ಮಾತನಾಡಿದ್ದೇನೆ ಎಂದು ಹೇಳಿದ ಮೇಲೂ ಅವರ ದನಿ ಸಮಾಧಾನಕ್ಕೆ ಬರಲಿಲ್ಲ. “ಹಂಗಾರೆ ಮೊಬೈಲಲ್ಲಿ ಬಂದೈತಲ್ಲ, ಅದ್ಯಾರು?” ಎಂದು ಕೇಳಿದರು. ಅವರ ಮಗ ಕಳುಹಿಸಿದ ಲಿಂಕ್ ತೆರೆದು ನೋಡಿದೆ. ಸಾಲದ ಬಾಧೆ ತಾಳಲಾರದೆ ಪ್ರಾಣ ಕಳೆದುಕೊಂಡ ರೈತರೊಬ್ಬರ ಸುದ್ದಿ ಅದು. ಸುದ್ದಿಯ ನೆತ್ತಿಯ ಮೇಲೆ ನನ್ನ ಅಪ್ಪನ ಫೋಟೋ ಇತ್ತು. ಫೋಟೋದ ಕೆಳಗೆ, ಮೊಬೈಲನ್ನು ಕಣ್ಣಿನ ಹತ್ತಿರ ತಂದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ‘ಸಾಂದರ್ಭಿಕ ಚಿತ್ರ’ ಎಂದು ಬರೆದಿತ್ತು.

ಆ ಫೋಟೋ ತೆಗೆದವಳು ನಾನೇ. 2022ರ ಸಂಕ್ರಾಂತಿಯ ವಾರ, ಪಾಂಡವಪುರದ ಕಡೆಯ ನಮ್ಮೂರಿನ ಆಲೆಮನೆಯಲ್ಲಿ ನಮ್ಮ ಗದ್ದೆಯ ಕಬ್ಬು ಅರೆಯುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಲೆಯ ಪಕ್ಕದ ಕಲ್ಲಿನ ಮೇಲೆ ಅಪ್ಪ ಕುಳಿತಿದ್ದರು. ಗಾಳಿ ತಿರುಗಿ ಹೊಗೆಯೆಲ್ಲ ಅವರ ಮುಖಕ್ಕೇ ನುಗ್ಗಿದಾಗ ತಲೆ ತಗ್ಗಿಸಿ, ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಕ್ಲಿಕ್ಕಿಸಿದ್ದು ಆ ಕ್ಷಣವನ್ನು. ಹಿಂದೆ ಕೊಪ್ಪರಿಗೆಯಿಂದ ಏಳುವ ಬಿಳಿ ಹಬೆ, ಬಲಕ್ಕೆ ಲೋಟ ಹಿಡಿದು ಕಬ್ಬಿನ ಹಾಲಿಗೆ ಕಾಯುತ್ತಿದ್ದ ಇಬ್ಬರು ಹುಡುಗರು, ಎಡಕ್ಕೆ ಕಬ್ಬಿನ ಹೊರೆ. ಮರುಕ್ಷಣವೇ ಅಪ್ಪ ಕಣ್ಣೊರೆಸಿಕೊಂಡು ನಗುತ್ತಾ ಎದ್ದರು. ‘ಆಲೆಮನೆಯಲ್ಲಿ ಅಪ್ಪ’ ಎಂದು ಬರೆದು ನಾನು ಅದನ್ನು ಜಾಲತಾಣದ ನನ್ನ ಖಾತೆಯಲ್ಲಿ, ಎಲ್ಲರಿಗೂ ಕಾಣುವಂತೆ ಹಾಕಿದ್ದೆ.

ಸುದ್ದಿಯಲ್ಲಿದ್ದ ಫೋಟೋದಲ್ಲಿ ಕೊಪ್ಪರಿಗೆ ಇರಲಿಲ್ಲ. ಹಬೆಯನ್ನೂ ಹುಡುಗರನ್ನೂ ಕಬ್ಬನ್ನೂ ಕತ್ತರಿಸಿ, ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದ್ದರು. ಉಳಿದಿದ್ದು ಕಲ್ಲಿನ ಮೇಲೆ ತಲೆ ತಗ್ಗಿಸಿ ಕುಳಿತು ಟವೆಲ್ಲಿನಲ್ಲಿ ಕಣ್ಣೊತ್ತಿಕೊಳ್ಳುತ್ತಿರುವ ವಯಸ್ಸಾದ ಒಬ್ಬ ರೈತ. ನೋಡಿದ ಯಾರಿಗಾದರೂ ಆತ ಅಳುತ್ತಿದ್ದಾನೆಂದೇ ಅನ್ನಿಸಬೇಕು. ಆ ಕತ್ತರಿ ಆಡಿಸಿದ ಕೈ ಯಾರದೋ ನನಗೆ ಗೊತ್ತಿಲ್ಲ, ಆದರೆ ಅದು ಗೊತ್ತಿದ್ದೇ ಮಾಡಿದ ಕೆಲಸವೆಂದು ನಾನು ನಂಬುತ್ತೇನೆ. ಹೊಗೆಯಿಂದ ನೀರು ಬಂದ ಕಣ್ಣನ್ನು ದುಃಖದ ಕಣ್ಣಾಗಿ ಮಾಡಬೇಕಾದರೆ ಮೊದಲು ಹೊಗೆಯನ್ನು ತೆಗೆಯಬೇಕೆಂಬುದು ಆ ಮನುಷ್ಯನಿಗೆ ತಿಳಿದಿತ್ತು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತ್ತು, ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಧರಣಿ ನಡೆಯುತ್ತಿತ್ತು. ರೈತರ ಸಂಕಟದ ಸುದ್ದಿ ಬರೆಯುವುದನ್ನು ನಾನು ತಪ್ಪೆನ್ನುವುದಿಲ್ಲ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಗಳಲ್ಲಿ ಏನಾಯಿತೆಂಬುದನ್ನು ಹತ್ತಿರದಿಂದ ಕಂಡವಳು ನಾನು. ಆದ್ದರಿಂದಲೇ ಈ ಕೆಲಸ ನನಗೆ ಇನ್ನಷ್ಟು ನೋವು ಕೊಟ್ಟಿತು. ಆ ಸುದ್ದಿಯಲ್ಲಿ ನಿಜವಾಗಿಯೂ ಒಬ್ಬರು ತೀರಿಕೊಂಡಿದ್ದರು. ಅವರಿಗೂ ಒಂದು ಮುಖವಿತ್ತು, ಅವರಿಗಾಗಿ ಅಳುವ ಮನೆಯವರಿದ್ದರು. ಅವರ ಸಾವಿಗೆ ಬೇರೊಬ್ಬರ ಮುಖ ಅಂಟಿಸಿ, ಬದುಕಿರುವ ನನ್ನ ಅಪ್ಪನಿಗೆ ಅವರ ಸಾವನ್ನು ಅಂಟಿಸಿ, ಎರಡೂ ಮನೆಗಳಿಗೆ ಏಕಕಾಲಕ್ಕೆ ಅನ್ಯಾಯ ಮಾಡಿದ ಮೇಲೆ ‘ಸಾಂದರ್ಭಿಕ’ ಎಂಬ ಒಂದು ಪದದಿಂದ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಊರಿನಲ್ಲಿ ಅದರ ಪೆಟ್ಟು ಬೇರೆಯೇ ರೀತಿಯದಾಗಿತ್ತು. ಸಾವಿನ ವಿಷಯ ಸುಳ್ಳೆಂದು ಎಲ್ಲರ ಕಣ್ಣಿಗೇ ಕಾಣುತ್ತಿತ್ತು. ಸಾಲದ ವಿಷಯ ಹಾಗಲ್ಲ. ಸಹಕಾರ ಸಂಘದ ಬೆಳೆ ಸಾಲವನ್ನು ಒಂದು ಕಂತೂ ತಪ್ಪಿಸದೆ ತೀರಿಸಿಕೊಂಡು ಬಂದ ಅಪ್ಪನನ್ನು ಟೀ ಅಂಗಡಿಯ ಮುಂದೆ ಯಾರೋ “ಎಷ್ಟಾಗಿತ್ತು ಗೌಡ್ರೇ?” ಎಂದು ಮೆಲ್ಲಗೆ ಕೇಳಿದರಂತೆ. ಅಂದಿನಿಂದ ಸುಮಾರು ಎರಡು ವಾರ ಅವರು ಬೆಳಗ್ಗೆ ಟೀ ಅಂಗಡಿಗೆ ಹೋಗಲಿಲ್ಲ, ಡೇರಿಗೆ ಹಾಲು ಹಾಕಲು ಅಮ್ಮನೇ ಹೋದರು. ಶನಿವಾರ ನಾನು ಊರಿಗೆ ಹೋದಾಗ ಅಪ್ಪ ಕೇಳಿದ್ದು ಇಷ್ಟೇ: “ಸಾಲ ಇಲ್ಲ ಅಂತ ಎಷ್ಟ್ ಜನುಕ್ ಹೇಳ್ಕಂಡ್ ತಿರುಗ್ಲಿ?”

ಮೈಸೂರಿಗೆ ಹಿಂತಿರುಗಿದ ರಾತ್ರಿಯೇ ಗೂಗಲ್ ಲೆನ್ಸ್‌ನಲ್ಲಿ ಆ ಕತ್ತರಿಸಿದ ಫೋಟೋವನ್ನು ಹಾಕಿ ಹುಡುಕಿದೆ. ಇಡೀ ಫೋಟೋವನ್ನು ಹಾಕಿದಾಗ ಸಿಗದ ಪುಟಗಳು ಕತ್ತರಿಸಿದ ತುಂಡನ್ನು ಹಾಕಿದಾಗ ಸಿಕ್ಕವು. ಹೀಗೆ ಹುಡುಕುವವರು ಎರಡನ್ನೂ ಹಾಕಿ ನೋಡಬೇಕು. ಟಿನ್‌ಐ ಎಂಬ ಇನ್ನೊಂದು ತಾಣದಲ್ಲಿಯೂ ನೋಡಿದೆ. ಒಟ್ಟು ನಾಲ್ಕು ಕಡೆ ಅಪ್ಪ ಸಿಕ್ಕರು. ಒಂದು ಆ ಸುದ್ದಿ, ಇನ್ನೊಂದು ಅದನ್ನೇ ನಕಲು ಮಾಡಿದ ಪುಟ. ಮೂರನೆಯದು ಸುಲಭ ಸಾಲ ಕೊಡಿಸುತ್ತೇವೆಂಬ ಜಾಹೀರಾತು. ನಾಲ್ಕನೆಯದನ್ನು ನೋಡಿದಾಗ ಕೈ ನಡುಗಿತು: ‘ಈ ರೈತನ ಅನಾಥ ಕುಟುಂಬಕ್ಕೆ ನೆರವಾಗಿ’ ಎಂದು ಬರೆದು, ಅಪ್ಪನ ಮುಖದ ಪಕ್ಕದಲ್ಲಿ ಹಣ ಕಳುಹಿಸುವ ಕ್ಯೂಆರ್ ಕೋಡ್ ಇಟ್ಟಿದ್ದರು.

ತಕ್ಷಣ ಅಲ್ಲಿಯೇ ಕೆಳಗೆ ನಾಲ್ಕು ಮಾತು ಬರೆದು ಜಾಡಿಸಬೇಕೆನ್ನಿಸಿತು. ಹಾಗೆ ಮಾಡಬಾರದೆಂದು ತಡೆದದ್ದು ವಕೀಲೆಯಾಗಿರುವ ನನ್ನ ಗೆಳತಿ. ಬೈಗುಳ ಕಂಡ ಕೂಡಲೇ ಕದ್ದವರು ಪುಟವನ್ನು ಅಳಿಸುತ್ತಾರೆ, ಅಳಿಸಿದರೆ ಸಾಕ್ಷ್ಯವೂ ಹೋಗುತ್ತದೆ, ಒಂದು ವಾರ ಕಳೆದು ಬೇರೆ ಹೆಸರಿನಲ್ಲಿ ಅದೇ ಫೋಟೋ ಬರುತ್ತದೆ ಎಂದು ಆಕೆ ವಿವರಿಸಿದಳು. ಅವಳ ಮಾತಿನಂತೆ ಪ್ರತಿ ಪುಟದ ವಿಳಾಸ ಪೂರ್ತಿಯಾಗಿ ಕಾಣುವ ಹಾಗೆ, ದಿನಾಂಕ ಮತ್ತು ಸಮಯ ಬರುವ ಹಾಗೆ ಸ್ಕ್ರೀನ್‌ಶಾಟ್ ತೆಗೆದೆ, ಖಾತೆಯ ಹೆಸರು ಮತ್ತು ಅದರ ಲಿಂಕನ್ನು ಬೇರೆಯಾಗಿ ಬರೆದಿಟ್ಟುಕೊಂಡೆ. ಆಮೇಲೆ ಮೂಲ ಫೋಟೋವನ್ನು ಹುಡುಕಿದೆ. ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ ಫೈಲಿನೊಳಗೆ ತೆಗೆದ ದಿನ, ಗಂಟೆ, ಮೊಬೈಲಿನ ಮಾದರಿ ಎಲ್ಲವೂ ದಾಖಲಾಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವನ್ನಾಗಿ ಕಳುಹಿಸಿದ ಪ್ರತಿಯಲ್ಲಿ ಈ ವಿವರ ಉಳಿಯುವುದಿಲ್ಲ, ಫೋಟೋ ಕೂಡ ಕುಗ್ಗುತ್ತದೆ. ಆ ಮೊಬೈಲನ್ನು ನಾನು ಬದಲಿಸಿದ್ದರೂ ಹಳೆಯ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ಹಾಗೆಯೇ ಹಾಕಿಟ್ಟಿದ್ದೆ. ಕೊಪ್ಪರಿಗೆ, ಹುಡುಗರು, ಕಬ್ಬು ಎಲ್ಲವೂ ಇರುವ ಆ ಮೂಲ ಫೋಟೋವೇ ಮುಂದೆ ನನ್ನ ಪರವಾಗಿ ಮಾತನಾಡಿತು, ಏಕೆಂದರೆ ದೊಡ್ಡ ಫೋಟೋದಿಂದ ತುಂಡನ್ನು ಕತ್ತರಿಸಬಹುದೇ ಹೊರತು ತುಂಡಿನಿಂದ ದೊಡ್ಡ ಫೋಟೋವನ್ನು ಪಡೆಯಲಾಗುವುದಿಲ್ಲ.

ಕಾನೂನಿನ ವಿಷಯದಲ್ಲಿ ನನಗಿದ್ದ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಬೇಕು. ನೋಂದಣಿ ಮಾಡಿಸದ ಫೋಟೋದ ಮೇಲೆ ನಮಗೆ ಹಕ್ಕಿಲ್ಲವೆಂದೇ ನಾನು ತಿಳಿದಿದ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಫೋಟೋ ತೆಗೆದವರೇ ಅದರ ಮೊದಲ ಒಡೆಯರು; ನೋಂದಣಿ ಕಡ್ಡಾಯವಲ್ಲ. ಅದೇ ಕಾಯ್ದೆಯ 57ನೆಯ ಸೆಕ್ಷನ್ ಕೃತಿಯನ್ನು ವಿರೂಪಗೊಳಿಸಿ ಕರ್ತೃವಿನ ಗೌರವಕ್ಕೆ ಕುಂದು ತಂದರೆ ಅದನ್ನು ಪ್ರಶ್ನಿಸುವ ಹಕ್ಕನ್ನೂ ಕೊಡುತ್ತದೆ. ಉಲ್ಲಂಘನೆ ಗೊತ್ತಿದ್ದೂ ಮಾಡಿದ್ದೆಂದು ಸಾಬೀತಾದರೆ 63ನೆಯ ಸೆಕ್ಷನ್ ಅಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಇದೆಲ್ಲ ಫೋಟೋ ತೆಗೆದ ನನ್ನ ಹಕ್ಕು. ಫೋಟೋದಲ್ಲಿರುವ ಅಪ್ಪನ ಹಕ್ಕು ಬೇರೆ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದ್ದರಿಂದ ಗೆಳತಿ ಎರಡು ಪತ್ರ ಬರೆಸಿದಳು, ಒಂದಕ್ಕೆ ನನ್ನ ಸಹಿ, ಇನ್ನೊಂದಕ್ಕೆ ಅಪ್ಪನ ಸಹಿ.

ಇದೇ ಸಂದರ್ಭದಲ್ಲಿ ತಿಳಿದ ಇನ್ನೊಂದು ಸಂಗತಿ ಮದುವೆ ಮಾಡುವ ಮನೆಯವರಿಗೆಲ್ಲ ಗೊತ್ತಿರಬೇಕು. ನಾವೇ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಒಡೆಯರು. 17ನೆಯ ಸೆಕ್ಷನ್ ಹಾಗೆ ಹೇಳುತ್ತದೆ. ಮದುಮಗಳ ಫೋಟೋವನ್ನು ಕೇಳದೆ ಅಂಗಡಿಯ ಮುಂದಿನ ಬೋರ್ಡಿಗೆ ಹಾಕಿಕೊಂಡಿರುವುದನ್ನು ಎಲ್ಲರೂ ನೋಡಿರುತ್ತೀರಿ. ಮುಂಗಡ ಕೊಡುವಾಗ ಸಹಿ ಹಾಕುವ ಕಾಗದದಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿ.

ಸುದ್ದಿ ಹಾಕಿದವರಿಗೆ ಪತ್ರ ಕಳುಹಿಸಿದ ಎರಡನೆಯ ದಿನ ಫೋನ್ ಬಂತು. “ಮೇಡಂ, ಅದು ಗೂಗಲ್‌ನಲ್ಲಿ ಸಿಕ್ಕಿದ್ದು” ಎಂದರು. ಈ ಉತ್ತರವನ್ನು ಓದಿದವರೂ ಕೊಡುತ್ತಾರೆ. ಬೀದಿಯಲ್ಲಿ ಸಿಕ್ಕ ಪರ್ಸು ಬೀದಿಯದಾಗುವುದಿಲ್ಲ; ಗೂಗಲ್ ತೋರಿಸಿದ ಫೋಟೋಗೂ ಒಬ್ಬ ಒಡೆಯರು ಇದ್ದೇ ಇರುತ್ತಾರೆ, ಅದರಲ್ಲಿರುವ ಮುಖಕ್ಕೆ ಒಂದು ಮನೆ ಇರುತ್ತದೆ. ನಾನು ಪರಿಹಾರ ಕೇಳಲಿಲ್ಲ. ಫೋಟೋ ತೆಗೆಯಿರಿ, ಇದು ಮೃತರ ಫೋಟೋ ಅಲ್ಲವೆಂದು ಅದೇ ಪುಟದಲ್ಲಿ ಬರೆಯಿರಿ ಎಂದೆ. ಮೊದಲನೆಯದನ್ನು ಅಂದೇ ಮಾಡಿದರು, ಎರಡನೆಯದಕ್ಕೆ ಇನ್ನೂ ಮೂರು ಸಲ ಬರೆಯಬೇಕಾಯಿತು. ಅವರು ಕೊನೆಗೂ ಬರೆದ ಆ ಎರಡು ಸಾಲಿನ ಸ್ಪಷ್ಟನೆಯನ್ನು ನಾನು ದೊಡ್ಡದಾಗಿ ಮುದ್ರಿಸಿ ಊರಿಗೆ ತೆಗೆದುಕೊಂಡು ಹೋದೆ. ಅಪ್ಪ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಟೀ ಅಂಗಡಿಗೆ ಹೋದರು.

ಸಾಲದ ಜಾಹೀರಾತಿನ ವಿಷಯದಲ್ಲಿ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟೆ. 2021ರಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂತಹ ಅಧಿಕಾರಿಯ ಹೆಸರು ಮತ್ತು ವಿಳಾಸವನ್ನು ತಾಣದಲ್ಲಿ ಪ್ರಕಟಿಸಲೇಬೇಕು. ನಾನು ದೂರು ಕೊಟ್ಟಾಗ, ಬಂದ ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ ಕೊಟ್ಟು 15 ದಿನದೊಳಗೆ ಇತ್ಯರ್ಥ ಮಾಡಬೇಕೆಂದಿತ್ತು. ‘ರಿಪೋರ್ಟ್’ ಗುಂಡಿ ಒತ್ತಿ ಕುಳಿತಿದ್ದ ಒಂದು ವಾರದಲ್ಲಿ ಆಗದ ಕೆಲಸ, ಮೂಲ ಫೋಟೋ, ಸ್ಕ್ರೀನ್‌ಶಾಟ್, ಸೆಕ್ಷನ್ನಿನ ಸಂಖ್ಯೆ ಇಟ್ಟು ಬರೆದ ಒಂದು ಮೇಲ್‌ನಿಂದ ಐದು ದಿನದಲ್ಲಿ ಆಯಿತು.

ಹಣ ಕೇಳುತ್ತಿದ್ದ ಪುಟಕ್ಕೆ ನಾನು ಪತ್ರ ಬರೆಯಲಿಲ್ಲ. ಅದು ಕೇವಲ ಫೋಟೋ ಕಳವಾಗಿರಲಿಲ್ಲ, ಬೇರೊಬ್ಬರ ಸೋಗಿನಲ್ಲಿ ಮಾಡುವ ವಂಚನೆಯಾಗಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಇಂಥದ್ದಕ್ಕೇ ಇದೆ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆ ಹಿಡಿದು ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ಹೋದೆ. ಅಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಈ ಕೋಡ್‌ಗೆ ಯಾರಾದರೂ ಹಣ ಹಾಕಿದ್ದಾರೆಯೇ ಎಂಬುದು. ಹಾಕಿದ್ದರು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರೇ, ಅದು ನನ್ನ ತಂದೆಯ ಮುಖವೆಂದು ತಿಳಿಯದೆ, ಮರುಗಿ 500 ರೂಪಾಯಿ ಕಳುಹಿಸಿದ್ದರು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಯಲು ಸಿಗುವ ಕಾಲ ಬಹಳ ಕಡಿಮೆ. ಕೆಲವೇ ದಿನಗಳಲ್ಲಿ ಆ ಪುಟ ಕಾಣೆಯಾಯಿತು. ಹಣ ಹಿಂದಿರುಗಲಿಲ್ಲ.

ಈ ಓಡಾಟ ತಿಳಿದು, ನನ್ನ ತರಗತಿಯ ಒಬ್ಬ ಹುಡುಗಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಅವಳ ಡಿಪಿಯನ್ನು ಕದ್ದು, ತಿದ್ದಿ, ನಕಲಿ ಖಾತೆಯಲ್ಲಿ ಹಾಕಿದ್ದರು. ಮನೆಯಲ್ಲಿ ಹೇಳಿದರೆ ಮೊಬೈಲ್ ಕಿತ್ತುಕೊಂಡು ಓದು ಬಿಡಿಸುತ್ತಾರೆಂಬ ಭಯದಿಂದ ಒಂದು ತಿಂಗಳು ಒಬ್ಬಳೇ ನುಂಗಿಕೊಂಡಿದ್ದಳು. ನನ್ನ ಅಪ್ಪನ ಪ್ರಕರಣಕ್ಕಿಂತ ಅವಳದು ಎಷ್ಟೋ ಪಾಲು ಘೋರ, ಆದರೆ ಅವಳಿಗೆ ಕಾನೂನಿನ ದಾರಿ ಹೆಚ್ಚು ಬೇಗದ್ದು. ನಗ್ನತೆಯ ಅಥವಾ ತಿರುಚಿದ ಚಿತ್ರದ ಬಗ್ಗೆ ಸಂತ್ರಸ್ತರೇ ದೂರು ಕೊಟ್ಟರೆ ಆಗಿನ ನಿಯಮದಂತೆ ತಾಣಗಳು 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕಿತ್ತು; ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ವಿರುದ್ಧದ ಇಂತಹ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ‘ಸ್ಟಾಪ್ ಎನ್‌ಸಿಐಐ’ ಎಂಬ, ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹರಡುವುದನ್ನು ತಡೆಯುವ ತಾಣವೂ ಇದೆ, ಅಲ್ಲಿಗೆ ಚಿತ್ರವನ್ನು ಕಳುಹಿಸಬೇಕಾಗಿಲ್ಲ. ಚಿತ್ರದ ಗುರುತಿನ ಸಂಖ್ಯೆಯನ್ನು ನಮ್ಮ ಮೊಬೈಲಿನಲ್ಲಿಯೇ ತಯಾರಿಸಿ, ಅದನ್ನು ಮಾತ್ರ ಜಾಲತಾಣಗಳಿಗೆ ಕೊಡುತ್ತದೆ. ಅವಳೊಂದಿಗೆ ಕುಳಿತು ಎಲ್ಲವನ್ನೂ ಮಾಡಿದೆವು. ನಿನ್ನದೇನೂ ತಪ್ಪಿಲ್ಲ ಎಂಬ ಮಾತನ್ನು ಅವಳಿಗೆ ಅಲ್ಲಿಯವರೆಗೆ ಒಬ್ಬರೂ ಹೇಳಿರಲಿಲ್ಲ.

ಉಳಿದದ್ದು ಸುದ್ದಿಯನ್ನು ನಕಲು ಮಾಡಿದ ಪುಟ. ಅದರಲ್ಲಿ ಹೆಸರಿಲ್ಲ, ವಿಳಾಸವಿಲ್ಲ, ಬರೆದ ಮೇಲ್ ತಿರುಗಿ ಬರುತ್ತದೆ. ಅದನ್ನು ಹುಡುಕಾಟದ ಫಲಿತಾಂಶದಿಂದ ತೆಗೆಸುವ ಅರ್ಜಿ ಹಾಕಿ, ಈಗ ಹುಡುಕಿದರೆ ಕಾಣದ ಹಾಗೆ ಮಾಡಿದ್ದೇನೆ. ಲಿಂಕ್ ಗೊತ್ತಿದ್ದವರಿಗೆ ಅಲ್ಲಿ ಅಪ್ಪ ಇಂದಿಗೂ ಕಣ್ಣೊತ್ತಿಕೊಂಡು ಕುಳಿತಿದ್ದಾರೆ. ತಿಂಗಳಿಗೊಮ್ಮೆ ತೆರೆದು ನೋಡುತ್ತೇನೆ.

ಅಪ್ಪನ ಇನ್ನೊಂದು ಪ್ರಶ್ನೆಯನ್ನು ಬರೆಯದೆ ಬಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಪತ್ರಕ್ಕೆ ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕುತ್ತಾ ಅವರು ಕೇಳಿದರು: “ಮೊದ್ಲು ಆ ಪಟ ನೀನು ಹಾಕ್ದಲ್ಲವ್ವ, ಆವಾಗ ನನ್ನ ಕೇಳಿದ್ಯಾ?” ಆ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಕದ್ದವರ ತಪ್ಪು ಇದರಿಂದ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ, ಆದರೆ ನಾನು ಅಂದು ಅವರ ಕ್ಷಮೆ ಕೇಳಿದೆ.

ಮುಂದಿನ ಸಂಕ್ರಾಂತಿಗೆ ಆಲೆಮನೆಯಲ್ಲಿ ಏಳೆಂಟು ಫೋಟೋ ತೆಗೆದು, ಸಂಜೆ ಜಗಲಿಯ ಮೇಲೆ ಅಪ್ಪನ ಕೈಗೆ ಮೊಬೈಲ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನಿಧಾನವಾಗಿ ನೋಡಿದರು. ಬಿಸಿ ಅಚ್ಚು ಬೆಲ್ಲವನ್ನು ಕೈಯಲ್ಲಿ ಹಿಡಿದು ನಗುತ್ತಾ ನಿಂತಿದ್ದ ಫೋಟೋ ಬಂದಾಗ, “ಇದುನ್ನ ನಿಮ್ಮತ್ತೆಗೆ ಕಳ್ಸು, ಮಿಕ್ಕವು ಬ್ಯಾಡ” ಎಂದರು. ಅದನ್ನು ಮಳವಳ್ಳಿಗೆ ಕಳುಹಿಸಿ, ಮಿಕ್ಕವನ್ನು ಅವರ ಎದುರಿಗೇ ಅಳಿಸಿದೆ.